ಅಳತೆಯೇ ಇಲ್ಲದ ಹಳ್ಳ, ಬೆಳೆಯುತ್ತಿರುವ ಬಡಾವಣೆ: ನೆರೆಯ ಅಪಾಯ ಅಂದಾಜು ಮಾಡುವುದು ಹೇಗೆ?

ಹಳ್ಳದಂಚು

ಎಲ್ಲರಿಗೂ ನಮಸ್ಕಾರ. ಸುಮಾರು 4 ಚದರ ಕಿ.ಮೀ. ವಿಸ್ತಾರದ ಒಂದು ಸಣ್ಣ ಜಲಾನಯನದಲ್ಲಿ (ಮಳೆನೀರು ಒಂದೇ ಹಳ್ಳಕ್ಕೆ ಹರಿದು ಬರುವ ಪ್ರದೇಶ) ನೆರೆಯ ಅಪಾಯ ಎಷ್ಟಿದೆ ಎಂದು ಅಂದಾಜು ಮಾಡುವ ಕೆಲಸಕ್ಕೆ ನಾವು ನಾಲ್ಕೈದು ಜನ ಕೈಹಾಕಿದ್ದೇವೆ. ಹಳ್ಳದ ಉದ್ದ ಹೆಚ್ಚುಕಡಿಮೆ 3 ಕಿ.ಮೀ., ಇಳಿಜಾರು ಸರಾಸರಿ ನೂರಕ್ಕೆ ಒಂದು. ಹದಿನೈದು ವರ್ಷದ ಹಿಂದೆ ಮೇಲ್ಭಾಗವೆಲ್ಲ ಹೊಲ ಮತ್ತು ಕುರುಚಲು ಕಾಡು. ಈಗ ಮೂರರಲ್ಲೊಂದು ಪಾಲು ಮನೆ, ರಸ್ತೆ. ಉಳಿದ ಜಾಗಕ್ಕೂ ನಿವೇಶನದ ನಕ್ಷೆ ತಯಾರಾಗಿದೆ.

ಹಳ್ಳದಲ್ಲಿ ನೀರಿನ ಮಟ್ಟ ಅಳೆಯುವ ವ್ಯವಸ್ಥೆ ಯಾವತ್ತೂ ಇರಲಿಲ್ಲ. ಹತ್ತಿರದ ಮಳೆಮಾಪಕದಿಂದ ಸಿಗುವುದು ದಿನದ ಮೊತ್ತ ಮಾತ್ರ. ನಮ್ಮಲ್ಲೇ ಒಬ್ಬರು, 100 ವರ್ಷಕ್ಕೊಮ್ಮೆ ಬರುವ ನೆರೆಯ ನಕ್ಷೆ ಒಂದಿದ್ದರೆ ಸಾಕು, ಉಳಿದದ್ದೆಲ್ಲ ಅದರೊಳಗೆ ಅಡಗಿದೆ ಎನ್ನುತ್ತಾರೆ. ನನಗೆ ಆ ಮಾತು ಸಮಾಧಾನ ತಂದಿಲ್ಲ. ಇಂಥ ಕಡೆ ಕೆಲಸ ಮಾಡಿದವರು ಎಲ್ಲಿಂದ ಶುರು ಮಾಡಿದಿರಿ?

ಜಲಗಣಿತ

ಮೊದಲು ಕಾಲದ ಲೆಕ್ಕ. ಜಲಾನಯನದ ಅತಿ ದೂರದ ತುದಿಯಲ್ಲಿ ಬಿದ್ದ ಹನಿ ಕೆಳಗಿನ ಬಾಯಿಗೆ ಬರಲು ಎಷ್ಟು ಹೊತ್ತು ಬೇಕು? ಕಿರ್ಪಿಚ್ ಸೂತ್ರಕ್ಕೆ ನಿಮ್ಮ ಉದ್ದ, ಇಳಿಜಾರು ಹಾಕಿದರೆ ಸುಮಾರು 55 ನಿಮಿಷ ಬರುತ್ತದೆ. ಇದು ಹೊಲಗದ್ದೆ ಇದ್ದಾಗಿನ ಹಳ್ಳ. ಡಾಂಬರು, ಕಾಂಕ್ರೀಟ್ ಚರಂಡಿ ಬಂದಮೇಲೆ ಅದೇ ಹನಿ ಅರ್ಧ ಗಂಟೆಯಲ್ಲೇ ಬಂದುಬಿಡುತ್ತದೆ.

ಈಗ ಗರಿಷ್ಠ ಹರಿವು. 1889ರಲ್ಲಿ ಎಮಿಲ್ ಕುಯಿಶ್ಲಿಂಗ್ ಅಮೆರಿಕದ ರಾಚೆಸ್ಟರ್ ನಗರದ ಚರಂಡಿಗಳಿಗೆ ಬಳಸಿದ ರ‍್ಯಾಷನಲ್ ವಿಧಾನ ತೀರಾ ಸರಳ: ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಹರಿದುಹೋಗುವ ಪಾಲು), ಮಳೆಯ ತೀವ್ರತೆ, ವಿಸ್ತಾರ ಇವುಗಳ ಗುಣಲಬ್ಧ, ಅಷ್ಟೇ. ಹೊಲ ಇದ್ದಾಗ ಗುಣಾಂಕ 0.3, ಮನೆಗಳು ತುಂಬಿದ ಮೇಲೆ 0.6 ಅಂತ ಇಟ್ಟುಕೊಳ್ಳಿ. ಹಾಗಾದರೆ ಹರಿವು ಇಮ್ಮಡಿಯಾಗುತ್ತದೆ ಎಂದು ಬಹಳ ಜನ ಅಲ್ಲಿಗೇ ಪೆನ್ನು ಕೆಳಗಿಡುತ್ತಾರೆ. ತಪ್ಪು ಆಗುವುದು ಅಲ್ಲೇ. ಹನಿ ಬೇಗ ಬರುತ್ತದೆ ಎಂದರೆ, ಹಳ್ಳಕ್ಕೆ ಅಪಾಯ ತರುವ ಮಳೆಯೂ ಬೇರೆಯಾಯಿತು. ಹಿಂದೆ ಒಂದು ಗಂಟೆ ಸುರಿಯುವ ಮಳೆಗೆ ಹೆದರಬೇಕಿತ್ತು, ಈಗ ಅರ್ಧ ಗಂಟೆಯ ರಭಸದ ಮಳೆಯೇ ಸಾಕು. ಅರ್ಧ ಗಂಟೆಯ ಮಳೆಯ ತೀವ್ರತೆ ಯಾವಾಗಲೂ ಹೆಚ್ಚು. 55 ನಿಮಿಷದ ಮಳೆಗೆ ಗಂಟೆಗೆ 50 ಮಿ.ಮೀ., 30 ನಿಮಿಷದ್ದಕ್ಕೆ ಗಂಟೆಗೆ 75 ಮಿ.ಮೀ. ಎಂದು ಉದಾಹರಣೆಗೆ ಹಿಡಿದರೆ, ಮೊದಲಿನ ಹರಿವು ಸೆಕೆಂಡಿಗೆ ಸುಮಾರು 17 ಘನ ಮೀಟರ್, ಆಮೇಲಿನದು 50. ಮೂರು ಪಟ್ಟು!

ನಕ್ಷೆಗೆರೆ

ಜಲಗಣಿತ ಅವರ ವಾದ ಸರಿ, ಆದರೆ ಆ ವಿಧಾನವನ್ನು 4 ಚದರ ಕಿ.ಮೀ.ಗೆ ಒಂದೇ ಏಟಿಗೆ ಹಾಕಬೇಡಿ. ಸಾಮಾನ್ಯವಾಗಿ 80 ಹೆಕ್ಟೇರ್ ಆಸುಪಾಸಿನವರೆಗೆ ಮಾತ್ರ ಅದನ್ನು ನಂಬುತ್ತಾರೆ. ನಿಮ್ಮದು 400 ಹೆಕ್ಟೇರ್. ಇಡೀ ಜಲಾನಯನದ ಮೇಲೆ ಒಂದೇ ತೀವ್ರತೆಯ ಮಳೆ ಸುರಿಯುತ್ತದೆ, ಎಲ್ಲ ಕವಲುಗಳ ನೀರೂ ಒಂದೇ ಸಲ ಬಂದು ಸೇರುತ್ತದೆ ಅಂತ ಅದು ಊಹಿಸಿಕೊಳ್ಳುತ್ತದೆ. ಕಿರ್ಪಿಚ್ ಸೂತ್ರದ ಹುಟ್ಟನ್ನೂ ನೆನಪಿಡಬೇಕು. 1940ರಲ್ಲಿ ಅದು ಬಂದದ್ದು ಟೆನೆಸಿಯ ಬೆರಳೆಣಿಕೆಯ ಪುಟ್ಟ ಕೃಷಿ ಜಲಾನಯನಗಳ ಅಳತೆಯಿಂದ, ಅವುಗಳ ಇಳಿಜಾರು ನೂರಕ್ಕೆ 3ರಿಂದ 10. ನಿಮ್ಮದು ನೂರಕ್ಕೆ 1.

ನಾನಾದರೆ ಜಲಾನಯನವನ್ನು ಏಳೆಂಟು ತುಂಡು ಮಾಡಿ, ಪ್ರತಿ ತುಂಡಿಗೂ ಹರಿವಿನ ಏರಿಳಿತದ ರೇಖೆ ಬರೆಯುತ್ತೇನೆ. ಅಮೆರಿಕದ ಮಣ್ಣು ಸಂರಕ್ಷಣಾ ಸೇವೆ 1950ರ ದಶಕದಲ್ಲಿ ರೂಪಿಸಿದ ಕರ್ವ್ ನಂಬರ್ ವಿಧಾನಕ್ಕೆ ಹಲವು ಕೊರತೆಗಳಿದ್ದರೂ ಅಳತೆ ಇಲ್ಲದ ಕಡೆ ಕೈಗೆ ಸಿಗುವುದು ಅದೇ. ಅದರಿಂದ ಒಂದು ಮುಖ್ಯ ಸಂಗತಿಯೂ ತಿಳಿಯುತ್ತದೆ. ನೆಲ ನೀರನ್ನು ಹೀರದೆ ಹರಿಯಬಿಟ್ಟಷ್ಟೂ ಅದರ ಕರ್ವ್ ನಂಬರ್ ದೊಡ್ಡದು. ಹಳೆಯ ನೆಲಕ್ಕೆ 70, ಕಟ್ಟಿದ ನೆಲಕ್ಕೆ 90 ಎಂದು ಹಿಡಿದು ಮೂರು ಮಳೆಗಳನ್ನು ನೋಡಿ. 200 ಮಿ.ಮೀ. ಬಿದ್ದರೆ ಹರಿದು ಹೋಗುವ ನೀರು ಮೊದಲು 111 ಮಿ.ಮೀ., ಆಮೇಲೆ 170. ಒಂದೂವರೆ ಪಟ್ಟು. 80 ಮಿ.ಮೀ. ಮಳೆಗೆ 20 ಇದ್ದದ್ದು 54 ಆಗುತ್ತದೆ. 30 ಮಿ.ಮೀ. ಮಳೆಗೆ? ಮೊದಲು ಅರ್ಧ ಮಿ.ಮೀ. ಚಿಲ್ಲರೆ, ಆಮೇಲೆ 11. ಸುಮಾರು ಇಪ್ಪತ್ತು ಪಟ್ಟು!

ಅಂದರೆ ನಗರ ಬೆಳೆದಾಗ ಹೆಚ್ಚು ಉಬ್ಬುವುದು ಮಹಾ ನೆರೆಯಲ್ಲ, ಮತ್ತೆ ಮತ್ತೆ ಬರುವ ಸಣ್ಣ ನೆರೆ. ಬ್ರಿಟನ್ನಿನ ಜಿ. ಇ. ಹಾಲಿಸ್ 1975ರಲ್ಲಿ ಹಲವು ಜಲಾನಯನಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಕಂಡದ್ದೂ ಇದೇ. ಸಣ್ಣ ನೆರೆಗಳು ಹತ್ತು ಪಟ್ಟಿನವರೆಗೆ ಹಿಗ್ಗಬಹುದು, ಜಲಾನಯನದ ನೂರಕ್ಕೆ 30 ಭಾಗ ಮುಚ್ಚಿದರೆ 100 ವರ್ಷದ ನೆರೆ ಇಮ್ಮಡಿಯಾಗಬಹುದು. ಅದಕ್ಕೇ ಹೇಳುತ್ತೇನೆ, 100 ವರ್ಷದ ನಕ್ಷೆಯೊಂದೇ ಮಾಡಿದರೆ ನೀವು ಅತಿ ಹೆಚ್ಚು ಬದಲಾದ ಸಂಗತಿಯನ್ನೇ ಕೈಬಿಟ್ಟಂತೆ. 2, 5, 10, 25 ವರ್ಷದ ನಕ್ಷೆಗಳೂ ಬೇಕು.

ತಗ್ಗಿನಮನೆ

ನಾನು ಇಂಜಿನಿಯರ್ ಅಲ್ಲ. ಹಳ್ಳದಂಚು ಅವರು ಹೇಳುತ್ತಿರುವ ಹಳ್ಳದ ಕೆಳತುದಿಯಲ್ಲೇ ನಮ್ಮ ಮನೆ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಇಪ್ಪತ್ತು ವರ್ಷ ನೀರು ಒಂದೇ ಸಲ ಅಂಗಳಕ್ಕೆ ಬಂದಿತ್ತು. ಕಳೆದ ನಾಲ್ಕು ವರ್ಷದಲ್ಲಿ ಮೂರು ಸಲ ಮನೆಯೊಳಗೆ ಬಂದಿದೆ. ದೂರು ಕೊಡಲು ಹೋದರೆ "ಇದು 100 ವರ್ಷಕ್ಕೊಮ್ಮೆ ಬರುವ ಮಳೆ, ಇನ್ನು ನಿಮ್ಮ ಜೀವಮಾನದಲ್ಲಿ ಬರುವುದಿಲ್ಲ" ಅಂದರು. ಮರುವರ್ಷವೇ ಬಂತು. ಅಷ್ಟೇನೂ ದೊಡ್ಡ ಮಳೆಯೂ ಆಗಿರಲಿಲ್ಲ. ನಾನೇ ಏನೋ ತಪ್ಪು ಲೆಕ್ಕ ಇಡುತ್ತಿದ್ದೇನೆ ಅಂದುಕೊಂಡಿದ್ದೆ. ಈ 30 ಮಿ.ಮೀ. ಲೆಕ್ಕ ಓದಿದ ಮೇಲೆ, ಕಂಡದ್ದು ಸುಳ್ಳಲ್ಲ ಅಂತ ಮೊದಲ ಸಲ ಅನಿಸಿತು.

ಪ್ರತಿ ಸಲವೂ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು, ಗಂಟೆ ಬರೆದಿದ್ದೇನೆ. ಇದು ಯಾರಿಗಾದರೂ ಉಪಯೋಗಕ್ಕೆ ಬರುತ್ತದೆಯೇ?

ಜಲಗಣಿತ

ತಗ್ಗಿನಮನೆ ಅವರೇ, ದಯವಿಟ್ಟು ಆ ಗೋಡೆಗೆ ಸುಣ್ಣ ಬಳಿಸಬೇಡಿ. ಈ ಇಡೀ ಚರ್ಚೆಯಲ್ಲಿ ಊಹೆಯಲ್ಲದ ಮೊದಲ ಸಂಖ್ಯೆ ನಿಮ್ಮ ಹತ್ತಿರ ಇದೆ.

ನಿಮಗೆ ಸಿಕ್ಕ ಉತ್ತರದ ಬಗ್ಗೆ ಒಂದು ಮಾತು. 100 ವರ್ಷದ ನೆರೆ ಎಂದರೆ ಯಾವುದೇ ಒಂದು ವರ್ಷದಲ್ಲಿ ಬರುವ ಸಂಭವ ನೂರಕ್ಕೆ ಒಂದು ಇರುವ ನೆರೆ. ಒಮ್ಮೆ ಬಂದುಹೋದರೆ 99 ವರ್ಷ ರಜೆ ಎಂದಲ್ಲ. 30 ವರ್ಷ ಒಂದೇ ಮನೆಯಲ್ಲಿದ್ದವರು ಒಮ್ಮೆಯಾದರೂ ಅದನ್ನು ಕಾಣುವ ಸಂಭವ ನೂರಕ್ಕೆ 26. ಅಮೆರಿಕದ ಮೇರಿಲ್ಯಾಂಡಿನ ಎಲ್ಲಿಕಾಟ್ ಸಿಟಿ ನೋಡಿ. ಕಡಿದಾದ ಸಣ್ಣ ಜಲಾನಯನದ ಬಾಯಲ್ಲಿರುವ ಹಳೆಯ ಪೇಟೆ. 2016ರ ಜುಲೈ 30ರಂದು ಎರಡು ಗಂಟೆಯಲ್ಲಿ ಸುಮಾರು 150 ಮಿ.ಮೀ. ಸುರಿದು ಮುಖ್ಯ ಬೀದಿಯೇ ಹೊಳೆಯಾಯಿತು, ಇಬ್ಬರು ಸತ್ತರು. ಅದು ಸಾವಿರ ವರ್ಷಕ್ಕೊಮ್ಮೆ ಬರುವಂಥ ಮಳೆ ಎಂದು ಎಲ್ಲೆಡೆ ವರದಿಯಾಯಿತು. 2018ರ ಮೇ 27ರಂದು ಮತ್ತೆ ಅದೇ ಬೀದಿಯಲ್ಲಿ ನೆರೆ, ಮತ್ತೊಂದು ಸಾವು.

ಇನ್ನೊಂದು ತೊಡಕಿದೆ. ಮರುಕಳಿಕೆಯ ಅವಧಿಯನ್ನು, ಅಂದರೆ ಒಂದು ನೆರೆ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ ಎಂಬುದನ್ನು, ಹಳೆಯ ದಾಖಲೆಯಿಂದ ತೆಗೆಯುತ್ತೇವೆ. ಆ ದಾಖಲೆ ಕೊಟ್ಟ ಜಲಾನಯನ ಈಗ ಇಲ್ಲ. ಅದರ ಮೇಲೆ ಬಡಾವಣೆ ಬಂದಿದೆ. ಹಿಂದೆ 25 ವರ್ಷಕ್ಕೊಮ್ಮೆ ಬರುತ್ತಿದ್ದ ಹರಿವು ಈಗ ಮೂರು ನಾಲ್ಕು ವರ್ಷಕ್ಕೊಮ್ಮೆ ಬರುವಂತಾಗಿರಬಹುದು.

ಸೇತುವೆಕೆಳಗೆ

ಎಲ್ಲ ಓದಿದೆ. ಮಳೆ, ನೆಲ, ಕಾಲ ಎಲ್ಲ ಬಂತು. ರಸ್ತೆಯಡಿ ನೀರು ಹಾಯುವ ಮೋರಿಯ ಮಾತು ಒಬ್ಬರೂ ಎತ್ತಲಿಲ್ಲ. ನಾನು ಇಪ್ಪತ್ತೆರಡು ವರ್ಷ ಮೋರಿ, ಚರಂಡಿಗಳ ನಿರ್ವಹಣೆಯಲ್ಲೇ ಕಳೆದವನು, ಆದ್ದರಿಂದ ಸ್ವಲ್ಪ ಉದ್ದವಾದರೂ ಬರೆಯುತ್ತೇನೆ.

ದೊಡ್ಡ ನದಿಯ ನೆರೆಯನ್ನು ನಿರ್ಧರಿಸುವುದು ನದಿ. ಸಣ್ಣ ಹಳ್ಳದ ನೆರೆಯನ್ನು ನಿರ್ಧರಿಸುವುದು ಬಹುಪಾಲು ರಸ್ತೆ ದಾಟುವ ಜಾಗಗಳು. 1.2 ಮೀಟರ್ ವ್ಯಾಸದ ಒಂದು ಕೊಳವೆ ತೆಗೆದುಕೊಳ್ಳಿ. ಅದರ ನಡುಮಧ್ಯದಿಂದ ಒಂದೂವರೆ ಮೀಟರ್ ಎತ್ತರಕ್ಕೆ ನೀರು ನಿಂತು ಒತ್ತಿದರೂ ಹೊರಹೋಗುವುದು ಸೆಕೆಂಡಿಗೆ ಮೂರೂವರೆ, ಹೆಚ್ಚೆಂದರೆ ನಾಲ್ಕು ಘನ ಮೀಟರ್. ಹೊಲದ ದಾರಿಗೆಂದು ಹಾಕಿದ್ದ ಅಂಥ ಎರಡು ಕೊಳವೆಗಳ ಮೇಲೆಯೇ ರಸ್ತೆ ಅಗಲ ಮಾಡಿ, ಏರಿಸಿ ಬಿಟ್ಟಿರುವುದನ್ನು ಎಷ್ಟೋ ಕಡೆ ಕಂಡಿದ್ದೇನೆ. ಮೇಲಿನ ಲೆಕ್ಕದಲ್ಲಿ ಬಂದ 17 ಘನ ಮೀಟರೇ ಅದಕ್ಕೆ ಇಮ್ಮಡಿಗಿಂತ ಹೆಚ್ಚು. 50 ಬಂದರೆ ಹೇಳುವುದೇ ಬೇಡ. ಆಗ ರಸ್ತೆಯ ಏರಿಯೇ ಅಣೆಕಟ್ಟಾಗುತ್ತದೆ. ಅಣೆಕಟ್ಟಾಗಲೆಂದು ಯಾರೂ ಅದನ್ನು ಕಟ್ಟಿರುವುದಿಲ್ಲ. ನೀರು ಉಕ್ಕಿ ಮೇಲೆ ಹರಿದರೆ ಕೆಳಬದಿಯ ಮಣ್ಣು ಕೊಚ್ಚಿ ಏರಿ ಒಡೆಯಬಹುದು, ಆಗ ಹಿಂದೆ ನಿಂತ ನೀರೆಲ್ಲ ಒಂದೇ ಸಲಕ್ಕೆ ಇಳಿಯುತ್ತದೆ.

ಇದು ಕೊಳವೆ ಚೊಕ್ಕಟವಾಗಿದ್ದಾಗಿನ ಮಾತು. ಮಳೆಯ ಹೊತ್ತಿಗೆ ಅದು ಚೊಕ್ಕಟವಾಗಿರುವುದೇ ಇಲ್ಲ. ಮೊದಲ ರಭಸದಲ್ಲೇ ಕೊಂಬೆ, ಬೇಲಿಯ ತುಂಡು, ಹಾಸಿಗೆ, ಪ್ಲಾಸ್ಟಿಕ್ ಎಲ್ಲ ಬಂದು ಬಾಯಿಗೆ ಕಚ್ಚಿಕೊಳ್ಳುತ್ತವೆ. ನೀರಿನ ಒತ್ತಡಕ್ಕೆ ಅದು ಇನ್ನಷ್ಟು ಬಿಗಿಯಾಗುತ್ತದೆ. ಆಸ್ಟ್ರೇಲಿಯಾದ ವೊಲಾಂಗಾಂಗ್‌ನಲ್ಲಿ 1998ರ ಆಗಸ್ಟ್‌ನಲ್ಲಿ ನೆರೆ ಬಂದಾಗ ಮೋರಿಗಳು ಸಾಲು ಸಾಲಾಗಿ ಕಟ್ಟಿಕೊಂಡವು. ಆಮೇಲೆ ಅಲ್ಲಿನ ನಗರಾಡಳಿತ, ನೆರೆಯ ಅಧ್ಯಯನದಲ್ಲಿ ಸಣ್ಣ ಬಾಯಿಯ ಮೋರಿಗಳು ಕಟ್ಟಿಕೊಂಡಿವೆ ಎಂದೇ ಹಿಡಿಯಬೇಕೆಂಬ ನೀತಿ ತಂದಿತು. ನನ್ನ ಮಟ್ಟಿಗೆ ಇದು ಅತಿಯಲ್ಲ.

ಮೋರಿ ಕಟ್ಟಿಕೊಂಡರೆ ನೀರು ಬರೀ ಎತ್ತರಕ್ಕೆ ಏರುವುದಿಲ್ಲ, ದಿಕ್ಕನ್ನೇ ಬದಲಿಸುತ್ತದೆ. ರಸ್ತೆಯ ಉದ್ದಕ್ಕೂ ಹರಿದು ಹಳ್ಳದಿಂದ 300 ಮೀಟರ್ ದೂರದ ಬೀದಿಗೆ ನುಗ್ಗುತ್ತದೆ. ಆ ಬೀದಿಯವರಿಗೆ ತಾವು ಹಳ್ಳದ ಪಕ್ಕದಲ್ಲಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ, ನಕ್ಷೆಯಲ್ಲೂ ಅವರ ಮನೆಗೆ ಬಣ್ಣ ಬಳಿದಿರುವುದಿಲ್ಲ. ಆದ್ದರಿಂದ ಪ್ರತಿ ಮೋರಿಗೂ ಎರಡು ನಕ್ಷೆ ಮಾಡಿ, ತೆರೆದಾಗಿನದು ಒಂದು, ಕಟ್ಟಿಕೊಂಡಾಗಿನದು ಒಂದು.

ಹೂಳಿನ ವಿಷಯ. 1967ರಲ್ಲಿ ಎಂ. ಗಾರ್ಡನ್ ವುಲ್ಮನ್ ಮೇರಿಲ್ಯಾಂಡಿನ ಹಳ್ಳಗಳನ್ನು ನೋಡಿ ಒಂದು ಕ್ರಮವನ್ನು ಗುರುತಿಸಿದರು. ನೆಲ ಅಗೆದು ಕಟ್ಟುವ ವರ್ಷಗಳಲ್ಲಿ ಹಳ್ಳಕ್ಕೆ ವಿಪರೀತ ಮಣ್ಣು ಬಂದು ಪಾತ್ರ ತುಂಬುತ್ತದೆ. ಕಟ್ಟಿ ಮುಗಿದ ಮೇಲೆ ಮಣ್ಣು ನಿಲ್ಲುತ್ತದೆ, ನೀರು ಹೆಚ್ಚುತ್ತದೆ, ದಂಡೆ ಕೊರೆಯಲು ಶುರುವಾಗುತ್ತದೆ. ನಿಮ್ಮ ಹಳ್ಳ ಈಗ ಮೊದಲ ಘಟ್ಟದಲ್ಲಿದೆ. ಅಂದರೆ ಹಳೆಯ ನಕ್ಷೆಯಲ್ಲಿರುವ ಮೋರಿಯ ಎತ್ತರ ಈಗ ಇಲ್ಲ. ಕೋಲು ಹಿಡಿದು ಇಳಿದು ಅಳೆಯಿರಿ.

ಮಳೆಮಾಪಕ

ಚಿಕ್ಕದಾಗಿ ಹೇಳುತ್ತೇನೆ. ಅರ್ಧ ಗಂಟೆಯಲ್ಲಿ ನೆರೆ ಬರುವ ಹಳ್ಳಕ್ಕೆ ದಿನದ ಮಳೆಯ ಮೊತ್ತದಿಂದ ಏನೂ ತಿಳಿಯದು. 60 ಮಿ.ಮೀ. ಇಡೀ ದಿನ ಜಿನುಗಿದರೂ ದಾಖಲೆಯಲ್ಲಿ 60, ನಲವತ್ತು ನಿಮಿಷದಲ್ಲಿ ಸುರಿದರೂ 60. ಐದು ನಿಮಿಷಕ್ಕೊಮ್ಮೆ ದಾಖಲಿಸುವ ಮಾಪಕ ಬೇಕು. ಒಂದು ಸಾಲದು, ಮೇಲೊಂದು ಕೆಳಗೊಂದು ಇಡಿ. ಗುಡುಗುಮಳೆಯ ಮೋಡ ಕೆಲವೇ ಕಿ.ಮೀ. ಅಗಲ ಇರುತ್ತದೆ, ಒಂದು ತುದಿ ನೆಂದು ಇನ್ನೊಂದು ತುದಿ ಒಣಗಿರಬಹುದು. ಪುಟ್ಟ ಬುಟ್ಟಿ ತುಂಬಿ ಮಗುಚಿದ್ದನ್ನು ಎಣಿಸುವ ಮಾದರಿಯ ಮಾಪಕ ಜೋರು ಮಳೆಯಲ್ಲಿ ಕಡಿಮೆ ಎಣಿಸುತ್ತದೆ, ಅದರ ತಿದ್ದುಪಡಿ ಮರೆಯಬೇಡಿ.

ಮಳೆಯ ತೀವ್ರತೆಯ ಹಳೆಯ ಕೋಷ್ಟಕಗಳನ್ನು ಹಾಗೇ ಬಳಸುವುದೂ ಸರಿಯಲ್ಲ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬೆಚ್ಚಗಾದರೆ ಅದು ಹಿಡಿದಿಡಬಲ್ಲ ತೇವಾಂಶ ನೂರಕ್ಕೆ ಸುಮಾರು 7 ಹೆಚ್ಚುತ್ತದೆ, ಹಾಗಾಗಿ ಜೋರು ಮಳೆ ಇನ್ನಷ್ಟು ಜೋರಾಗಬಹುದು.

ಹಳ್ಳದಂಚು

ಸೇತುವೆಕೆಳಗೆ ಅವರ ಮಾತು ಓದಿ ನಿನ್ನೆ ಎಲ್ಲ ಒಂಬತ್ತು ಮೋರಿಗಳಿಗೂ ಇಳಿದು ಬಂದೆವು. ಮೂರರಲ್ಲಿ ಅರ್ಧಕ್ಕಿಂತ ಹೆಚ್ಚು ಹೂಳಿದೆ. ಒಂದರೊಳಗೆ ಅಡ್ಡಲಾಗಿ ನೀರಿನ ಪೈಪು ಹಾದುಹೋಗಿದೆ, ಅದಕ್ಕೆ ಚಿಂದಿ ಬಟ್ಟೆ, ಬೇರು ಸುತ್ತಿಕೊಂಡಿವೆ. ಇದು ಯಾವ ನಕ್ಷೆಯಲ್ಲೂ ಇಲ್ಲ.

ಈಗ ಪ್ರಶ್ನೆ: ಹರಿವನ್ನು ಎಂದೂ ಅಳೆದಿಲ್ಲದಿರುವಾಗ, ನಮ್ಮ ಮಾದರಿ ಸರಿಯೋ ತಪ್ಪೋ ಎಂದು ಪರೀಕ್ಷಿಸುವುದು ಯಾವುದರ ಮೇಲೆ?

ನೆರೆಗುರುತು

ಗುರುತುಗಳ ಮೇಲೆ. ತಗ್ಗಿನಮನೆ ಅವರ ಪೆನ್ಸಿಲ್ ಗೆರೆಯಂಥವು ಇಡೀ ಹಳ್ಳದ ಉದ್ದಕ್ಕೂ ಇರುತ್ತವೆ. ಗೋಡೆಯ ಮೇಲಿನ ಕೆಸರಿನ ಅಂಚು, ಬೇಲಿಗೆ ಸಿಕ್ಕ ಹುಲ್ಲು, ಮರದ ತೊಗಟೆಗೆ ಅಂಟಿದ ಬೀಜ, ಶಟರಿನ ಒಳಬದಿಯ ಕಲೆ. ಹೊರಗಿನವು ಮುಂದಿನ ಮಳೆಗೆ ತೊಳೆದುಹೋಗುತ್ತವೆ, ಒಳಗಿನವು ವರ್ಷಗಟ್ಟಲೆ ಉಳಿಯುತ್ತವೆ. ಮನೆಮನೆಗೆ ಹೋಗಿ ಕೇಳಿ. ಎತ್ತರವನ್ನಷ್ಟೇ ಅಲ್ಲ, ನೀರು ಯಾವ ದಿಕ್ಕಿನಿಂದ ಬಂತು, ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತು ನಿಂತಿತು ಎಂದೂ ಕೇಳಿ. ಫೋನಿನಲ್ಲಿ ತೆಗೆದ ಫೋಟೋದಲ್ಲಿ ಸಮಯ ಇರುತ್ತದೆ.

ಗುರುತು ಓದುವಾಗ ಒಂದು ಎಚ್ಚರಿಕೆ ಬೇಕು. ವೇಗವಾಗಿ ಬರುವ ನೀರು ಕಂಬಕ್ಕೋ ಗೋಡೆಗೋ ಎದುರಾಗಿ ಬಡಿದಾಗ ಮೇಲಕ್ಕೆ ಏರುತ್ತದೆ. ಸೆಕೆಂಡಿಗೆ 2 ಮೀಟರ್ ವೇಗ ಇದ್ದರೆ ಎದುರು ಮುಖದ ಗುರುತು ನಿಜವಾದ ಮಟ್ಟಕ್ಕಿಂತ 20 ಸೆಂ.ಮೀ.ವರೆಗೆ ಮೇಲಿರಬಹುದು. ಪಕ್ಕದ ಮುಖದ ಗುರುತನ್ನೇ ನಂಬಿ.

ಇನ್ನು ಹರಿವು. ಮೋರಿ ಇಲ್ಲದ, ನೇರವಾದ ಒಂದು ತುಂಡು ಹಳ್ಳ ಹುಡುಕಿ. ಮೂರು ಕಡೆ ಅಡ್ಡಕೊಯ್ತ ಅಳೆದು, ಗುರುತುಗಳಿಂದ ನೀರಿನ ಇಳಿಜಾರು ತೆಗೆದು, ಅವುಗಳಿಂದ ಹರಿವು ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರಕ್ಕೆ ಹಾಕಿ. 6 ಮೀಟರ್ ಅಗಲ, ಒಂದೂವರೆ ಮೀಟರ್ ಆಳ, ಇಳಿಜಾರು ಸಾವಿರಕ್ಕೆ 4, ಹಳ್ಳದ ಪಾತ್ರದ ಒರಟುತನ 0.035 ಎಂದರೆ ಸೆಕೆಂಡಿಗೆ ಸುಮಾರು 16 ಘನ ಮೀಟರ್. ಪೊದೆ ಬೆಳೆದಿತ್ತು, ಒರಟುತನ 0.05 ಎಂದರೆ 11. ಒಂದೇ ಗುರುತು, ಎರಡು ಉತ್ತರ. ಹಾಗಾಗಿ 11ರಿಂದ 16 ಎಂದೇ ವರದಿಯಲ್ಲಿ ಬರೆಯಿರಿ, 13.47 ಎಂದು ಬರೆಯಬೇಡಿ.

ನಕ್ಷೆಗೆರೆ

ಇದಕ್ಕೆ ನನ್ನದೂ ಒಂದು ಮಾತು. ಉಪಗ್ರಹದಿಂದ ಪುಕ್ಕಟೆ ಸಿಗುವ 30 ಮೀಟರ್ ಚೌಕದ ಎತ್ತರದ ದತ್ತಾಂಶದ ಮೇಲೆ ಬೀದಿಮಟ್ಟದ ನೆರೆಯ ನಕ್ಷೆ ಮಾಡಬೇಡಿ. ನಿಮ್ಮ ಹಳ್ಳದ ಇಡೀ ಅಗಲ ಒಂದು ಚೌಕದೊಳಗೆ ಮುಳುಗಿಹೋಗುತ್ತದೆ, ಎತ್ತರದ ತಪ್ಪೇ ಕೆಲವು ಮೀಟರ್ ಇರಬಹುದು. ಹೆಚ್‌ಇಸಿ-ರಾಸ್ ಎಂಬ ಹರಿವಿನ ಮಾದರಿ ಮಾಡುವ ತಂತ್ರಾಂಶ ಉಚಿತ, 2016ರಲ್ಲಿ ಬಂದ 5.0 ಆವೃತ್ತಿಯಿಂದ ಎರಡು ಆಯಾಮದ ಹರಿವನ್ನೂ ಲೆಕ್ಕ ಹಾಕುತ್ತದೆ, ಚಿತ್ರ ಬಹಳ ಚೆನ್ನಾಗಿ ಬರುತ್ತದೆ. ಚಿತ್ರ ಚೆನ್ನಾಗಿದೆ ಎಂದ ಮಾತ್ರಕ್ಕೆ ನೆಲ ಹಾಗಿದೆ ಎಂದಲ್ಲ. ಲೈಡಾರ್ (ಲೇಸರ್ ಕಿರಣದಿಂದ ಅಳೆದ ನೆಲದ ಎತ್ತರ) ಸಿಗದಿದ್ದರೆ ಹಳ್ಳದ ಪಾತ್ರ, ರಸ್ತೆಯ ನೆತ್ತಿ, ಕಾಂಪೌಂಡ್ ಗೋಡೆ ಇಷ್ಟನ್ನಾದರೂ ಲೆವೆಲ್ ಯಂತ್ರದಿಂದ ಅಳೆದು ಸೇರಿಸಿ. ಹಳೆಯ ಸಮೋನ್ನತಿ ನಕ್ಷೆಯನ್ನೂ ಮೇಲೆ ಹಾಸಿ ನೋಡಿ, ಮುಚ್ಚಿಹೋದ ಕವಲು ಹಳ್ಳಗಳು ಅದರಲ್ಲಿ ಕಾಣುತ್ತವೆ.

ಜಲಗಣಿತ

ಆಳವೊಂದನ್ನೇ ತೋರಿಸುವ ನಕ್ಷೆಗೆ ನನ್ನ ಆಕ್ಷೇಪ ಇದೆ. ನಿಂತ ನೀರು ಅರ್ಧ ಮೀಟರ್ ಇದ್ದರೆ ಸಾಮಾನು ಹಾಳಾಗುತ್ತದೆ. ಅದೇ ಅರ್ಧ ಮೀಟರ್ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬಂದರೆ ದೊಡ್ಡವರೂ ನಿಲ್ಲಲಾರರು. ಆಳ ಮತ್ತು ವೇಗದ ಗುಣಲಬ್ಧ ನೋಡಬೇಕು. ಆಸ್ಟ್ರೇಲಿಯಾದ ವರ್ಗೀಕರಣದಲ್ಲಿ ಅದು 0.3ರ ಒಳಗಿದ್ದು ಆಳವೂ 0.3 ಮೀಟರ್ ಒಳಗಿದ್ದರೆ ಸಾಮಾನ್ಯವಾಗಿ ಎಲ್ಲರಿಗೂ ಸುರಕ್ಷಿತ. 0.6ರವರೆಗಿನ ವರ್ಗ ಮಕ್ಕಳು, ವೃದ್ಧರು, ವಾಹನಗಳಿಗೆ ಅಪಾಯ. ಅದನ್ನು ದಾಟಿದರೆ ಎಲ್ಲರಿಗೂ ಅಪಾಯ. ಸಣ್ಣ ಕಾರು 30 ಸೆಂ.ಮೀ. ನೀರಿನಲ್ಲೇ ತೇಲಲು ಶುರುಮಾಡುತ್ತದೆ.

ಸಮಯವನ್ನೂ ನಕ್ಷೆಗೆ ತನ್ನಿ. ಮಳೆ ಜೋರಾದ ಎಷ್ಟು ನಿಮಿಷಕ್ಕೆ ಯಾವ ದಾಟುಜಾಗ ಮುಳುಗುತ್ತದೆ? ನಿಮ್ಮಲ್ಲಿ ಇಪ್ಪತ್ತು ಮೂವತ್ತು ನಿಮಿಷ ಇರಬಹುದು, ಅಷ್ಟೇ. ತಪ್ಪಿಸಿಕೊಳ್ಳುವ ದಾರಿ ಮನೆಗಿಂತ ಮೊದಲು ಮುಳುಗುವಂತಿದ್ದರೆ ಆ ಮನೆಗಳನ್ನು ಬೇರೆ ಬಣ್ಣದಲ್ಲಿ ತೋರಿಸಲೇಬೇಕು.

ತಗ್ಗಿನಮನೆ

ಮೇಲಿನ ಹೊಸ ಬಡಾವಣೆಯವರು ನೀರು ಹಿಡಿದಿಡುವ ಕೊಳ ಮಾಡುತ್ತಾರಂತೆ. ಆಗ ನಮಗೆ ಕಷ್ಟ ತಪ್ಪುತ್ತದೆಯೇ?

ಸೇತುವೆಕೆಳಗೆ

ತಪ್ಪಬಹುದು, ಹೆಚ್ಚಲೂಬಹುದು. ಕೊಳ ನೀರನ್ನು ತಡಮಾಡುತ್ತದೆ, ಅದರ ಒಟ್ಟು ಮೊತ್ತವನ್ನು ಕಡಿಮೆ ಮಾಡುವುದಿಲ್ಲ. ನಿಮ್ಮ ಮೇಲೆ ಎರಡು ಕವಲು ಇವೆ ಅಂದುಕೊಳ್ಳಿ. ಈಗ ಹತ್ತಿರದ ಕವಲಿನ ನೀರು ಮೊದಲು ದಾಟಿ ಹೋಗುತ್ತದೆ, ದೂರದ್ದು ಆಮೇಲೆ ಬರುತ್ತದೆ. ಹತ್ತಿರದ ಕವಲಿಗೆ ಕೊಳ ಕಟ್ಟಿ ತಡಮಾಡಿದರೆ ಎರಡರ ಉಬ್ಬರವೂ ಒಂದೇ ಹೊತ್ತಿಗೆ ನಿಮ್ಮ ಬಾಗಿಲಿಗೆ ಬರಬಹುದು. ಪ್ರತಿ ಕೊಳವನ್ನೂ ಅದರ ಬಡಾವಣೆಯ ಬಾಯಲ್ಲಿ ಮಾತ್ರ ಪರೀಕ್ಷಿಸಿ ಒಪ್ಪಿಗೆ ಕೊಡುವುದರಿಂದ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಇಡೀ ಜಲಾನಯನದ ಮಾದರಿಯಲ್ಲಿ ಆ ಕೊಳ ಹಾಕಿ, ನಿಮ್ಮ ಮನೆಯ ಹತ್ತಿರ ಏನಾಗುತ್ತದೆ ಎಂದು ನೋಡಬೇಕು. ಹಳ್ಳದಂಚು ಅವರ ತಂಡ ಇದನ್ನು ಮಾಡಬಲ್ಲದು.

ಹಳ್ಳದಂಚು

ಎರಡು ವಾರದ ನಂತರ ಮತ್ತೆ ಬರೆಯುತ್ತಿದ್ದೇನೆ. ಮನೆಮನೆ ಸುತ್ತಿ 14 ಗುರುತು ಸಿಕ್ಕಿವೆ, ಅದರಲ್ಲಿ 11 ಒಂದೇ ದಿನದ ನೆರೆಯವು. ಏಳು ತುಂಡಿನ ಮಾದರಿ ಮಾಡಿ ಮೋರಿಗಳೆಲ್ಲ ತೆರೆದಿವೆ ಎಂದು ಓಡಿಸಿದಾಗ, ಐದನೇ ಮೋರಿಯ ಮೇಲ್ಬದಿಯಲ್ಲಿ ಮಾದರಿಯ ಮಟ್ಟ ಗುರುತುಗಳಿಗಿಂತ 40 ಸೆಂ.ಮೀ. ಕೆಳಗಿತ್ತು. ಒರಟುತನ ಎಷ್ಟು ತಿದ್ದಿದರೂ ಹೊಂದಲಿಲ್ಲ. ಆ ಪೈಪು ಅಡ್ಡ ಬಂದಿದ್ದ ಮೋರಿ ಇದೇ. ಅದರ ಮುಕ್ಕಾಲು ಬಾಯಿ ಮುಚ್ಚಿದೆ ಎಂದು ಹಾಕಿದೆವು. ಮಟ್ಟ ಹತ್ತು ಸೆಂ.ಮೀ. ಒಳಗೆ ಕೂಡಿತು. ಅಷ್ಟೇ ಅಲ್ಲ, ನೀರು ಎಡದ ಬೀದಿಗೆ ತಿರುಗಿತು. ಆ ಬೀದಿಯ ಮೂರು ಮನೆಯವರು "ನೀರು ಹಳ್ಳದ ಕಡೆಯಿಂದ ಬರಲಿಲ್ಲ, ರಸ್ತೆಯ ಮೇಲಿಂದ ಬಂತು" ಎಂದದ್ದನ್ನು ನಾವು ನಂಬದೆ ಬದಿಗಿಟ್ಟಿದ್ದೆವು. ಅವರಲ್ಲಿ ಕ್ಷಮೆ ಕೇಳಿ ಬಂದಿದ್ದೇನೆ.

ಈಗ 2, 10, 25, 100 ವರ್ಷದ ಮಳೆಗಳಿಗೆ, ಇಂದಿನ ನೆಲಕ್ಕೆ ಒಂದು ಮತ್ತು ಪೂರ್ತಿ ಕಟ್ಟಿದ ನೆಲಕ್ಕೆ ಒಂದು, ಮೋರಿ ತೆರೆದಾಗಿನದು ಒಂದು ಮತ್ತು ಕಟ್ಟಿಕೊಂಡಾಗಿನದು ಒಂದು, ಹೀಗೆ 16 ನಕ್ಷೆ ಬರಲಿವೆ. ಎಲ್ಲದರಲ್ಲೂ ಅಂದಾಜಿನ ಅಂಚನ್ನು ಗೆರೆಯಾಗಿ ಅಲ್ಲ, ಪಟ್ಟಿಯಾಗಿ ತೋರಿಸುತ್ತೇವೆ. ಕೊಳದ ಲೆಕ್ಕ ಆಮೇಲೆ. ಅದಕ್ಕೆ ಕೆಳತುದಿಯ ಮಟ್ಟ ಗಟ್ಟಿಯಾಗಬೇಕು, ಅಲ್ಲಿ ನಮಗಿರುವುದು ಒಂದೇ ಗುರುತು, ಅದೂ ಹೊರಗೋಡೆಯ ಎದುರು ಮುಖದ್ದು. ತಗ್ಗಿನಮನೆ ಅವರೇ, ಲೆವೆಲ್ ಯಂತ್ರ ತಂದು ನಿಮ್ಮ ಮೂರು ಗೆರೆಗಳನ್ನೂ ಅಳೆಯಬಹುದೇ?

ತಗ್ಗಿನಮನೆ

ಭಾನುವಾರ ಬೆಳಿಗ್ಗೆ ಏಳಕ್ಕೆ ಬನ್ನಿ, ಬಿಸಿಲು ಏರುವ ಮೊದಲು. ಗೆರೆಗಳ ಮೇಲೆ ಪಾರದರ್ಶಕ ಟೇಪು ಅಂಟಿಸಿದ್ದೇನೆ. ಮೆಟ್ಟಿಲಿನಿಂದ ಮೇಲಕ್ಕೆ 18, 31, 62 ಸೆಂ.ಮೀ. ಎಂದು ನನ್ನ ಟೇಪಿನಲ್ಲಿ ಬರುತ್ತದೆ. ಮೂರನೆಯದರ ಪಕ್ಕದಲ್ಲಿ ಸಂಜೆ 6:40 ಅಂತ ಬರೆದಿದ್ದೇನೆ, ಮಳೆ ಶುರುವಾದದ್ದು 6:05ಕ್ಕೆ.